ಗೋಡೆಯ ಕೋವಿ, ಸೊಂಟದ ಪಿಸ್ತೂಲು: ಮಲೆನಾಡಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡಿನ ಜಿಲ್ಲೆಗಳಲ್ಲಿ ಬಂದೂಕಿನ ಲೈಸೆನ್ಸ್ ಕೊಡುವ, ತಡೆಹಿಡಿಯುವ, ರದ್ದು ಮಾಡುವ ಅಧಿಕಾರ ನಿಮ್ಮದು. ಅದಕ್ಕೇ ಈ ಪತ್ರ ನಿಮಗೆ. ಪೊಲೀಸ್ ವರಿಷ್ಠಾಧಿಕಾರಿಗಳೂ ಓದಲಿ. ನಿಮ್ಮ ಮೇಜಿಗೆ ಬರುವ ವರದಿ ಅವರ ಠಾಣೆಗಳಿಂದಲೇ ಬರುವುದು ತಾನೇ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮನೆಯಲ್ಲಿ ಅಪ್ಪನ ಕಾಲದ ಒಂಟಿನಳಿಗೆಯ ತೋಟಾ (ಕಾರ್ಟ್ರಿಜ್) ಕೋವಿ ಇದೆ. ಬೆಳೆ ರಕ್ಷಣೆಯ ಲೈಸೆನ್ಸು. ಹಾಗಾಗಿ ಬಂದೂಕೇ ಬೇಡ ಅನ್ನುವ ಪೈಕಿಯವನು ನಾನಲ್ಲ. ನನ್ನ ತಕರಾರು ಬೇರೆ. ಸೊಂಟಕ್ಕೆ ಸಿಕ್ಕಿಸುವ, ಪ್ಯಾಂಟಿನ ಜೇಬಿನಲ್ಲಿ ಹಿಡಿಸುವ ಸಣ್ಣ ಪಿಸ್ತೂಲಿನ ಮೇಲೆ ನಮ್ಮ ಕಡೆ ಕೆಲವರಿಗೆ ಈಗೀಗ ಆಸೆ ಜಾಸ್ತಿ ಆಗಿದೆ. ಅದನ್ನು ಇಟ್ಟುಕೊಂಡವರು ಬಂದರೆ ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಕೋವಿ ಇಟ್ಟುಕೊಂಡ ರೈತ ಬಂದರೆ "ಯಾಕ್ರೀ, ಶಿಕಾರಿ ಮಾಡ್ತೀರಾ?" ಅಂತ ಕೇಳುತ್ತಾರೆ. ಎರಡೂ ಬಂದೂಕೇ, ಹೌದು. ಆದರೆ ಯಾವುದನ್ನು ಸಲೀಸಾಗಿ ಕೊಡಬೇಕು, ಯಾವುದಕ್ಕೆ ಹತ್ತು ಸಲ ಯೋಚನೆ ಮಾಡಬೇಕು ಅನ್ನುವುದು ನಮ್ಮಲ್ಲಿ ತಲೆಕೆಳಗಾಗಿದೆ.

ಕಾನೂನು ಹೀಗೆ ಹೇಳುವುದಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಂ ನಿಮಗೆ ಬಾಯಿಪಾಠ ಇರುತ್ತದೆ. ಓದುವ ಬೇರೆಯವರಿಗಾಗಿ ಬರೆಯುತ್ತೇನೆ. 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ಗೀರಿಲ್ಲದ ನಳಿಗೆಯ ಬಂದೂಕನ್ನು ರಕ್ಷಣೆಗೆ ಅಂತ ಕೇಳಿದರೆ, ಅಥವಾ ಮುಂದಿನಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ನಿಜವಾಗಿ ಬೆಳೆ ಕಾಯಲು ಕೇಳಿದರೆ, ಬೇರೆ ತೊಡಕಿಲ್ಲದಿದ್ದರೆ ಲೈಸೆನ್ಸ್ ಕೊಡಬೇಕು. ಕೇಪಿನ ಕೋವಿ ಸಾಲದು ಅನ್ನಿಸಿದರೆ ತೋಟಾ ಕೋವಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರ್ ಕೇಳಿದವನ ವಿಷಯ ಹಾಗಲ್ಲ. ಅವನಿಗೆ ಸರಿಯಾದ ಕಾರಣ ಇದೆ ಅಂತ ನಿಮಗೆ ಮನವರಿಕೆ ಆಗಬೇಕು. ಮುಂದಿನ 14ನೇ ಕಲಂನಲ್ಲಿ ಇನ್ನೂ ಒಂದು ಮಾತಿದೆ. ಅರ್ಜಿದಾರನಿಗೆ ಆಸ್ತಿ ಸಾಲದು ಅನ್ನುವ ಒಂದೇ ನೆಪದ ಮೇಲೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು.

ನಡೆಯುವುದು ಏನು? ನನಗೆ ಗೊತ್ತಿರುವ ಒಬ್ಬರು ಬಗರ್‌ಹುಕುಂ ಜಮೀನಿನಲ್ಲಿ, ಅಂದರೆ ಇನ್ನೂ ಮಂಜೂರಾಗದ ಸರ್ಕಾರಿ ಜಮೀನಿನಲ್ಲಿ, ಅಡಿಕೆ ಸಸಿ ಇಟ್ಟಿದ್ದಾರೆ. ಪಕ್ಕದಲ್ಲೇ ಕಾಡು. ರಾತ್ರಿ ಹಂದಿ ನುಗ್ಗಿ ಸಸಿಯ ಬುಡ ಅಗೆದು ಹಾಕುತ್ತದೆ. ಕೋವಿಗೆ ಅರ್ಜಿ ಹಾಕಲು ಹೋದರೆ ಮೊದಲ ಪ್ರಶ್ನೆ, "ಪಹಣಿ ಎಲ್ಲಿ?" ಪಹಣಿ ಇಲ್ಲ ಅಂದಮೇಲೆ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದ ಅರ್ಜಿಗೆ ಕಾರಣ ಬರೆದುಕೊಡುವ ಗೋಜೇ ಇಲ್ಲವಲ್ಲ. ಹಂದಿಯಂತೂ ಪಹಣಿ ನೋಡಿಕೊಂಡು ಬರುವುದಿಲ್ಲ. ಅದು ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಕಚೇರಿಯನ್ನು ಹಿಡಿದು ಬೈಯುವುದು ನನ್ನ ಉದ್ದೇಶವಲ್ಲ.

ಇನ್ನು ಪಿಸ್ತೂಲಿನ ಕಡೆ ಬರುತ್ತೇನೆ. ಒಂದು ಮದುವೆ ಮನೆಯ ಛತ್ರದಲ್ಲಿ ಕಣ್ಣಾರೆ ಕಂಡದ್ದು. ಎರಡನೇ ಪಂಕ್ತಿ. ನನ್ನ ಎದುರು ಸಾಲಿನಲ್ಲಿ ಕಾಂಟ್ರಾಕ್ಟರ್ ಒಬ್ಬರು ಕೂತರು. ಕೂರುವಾಗ ಸೊಂಟಕ್ಕೆ ಏನೋ ಒತ್ತಿರಬೇಕು. ಅಂಗಿ ಎತ್ತಿ ಪಿಸ್ತೂಲು ತೆಗೆದು, ಬಾಳೆ ಎಲೆಯ ಪಕ್ಕ, ನೀರಿನ ಲೋಟದ ಹತ್ತಿರ ಇಟ್ಟರು. ಬಡಿಸುವ ಹುಡುಗ ಕೋಸಂಬರಿ ಪಾತ್ರೆ ಹಿಡಿದುಕೊಂಡು ಹಾಗೇ ನಿಂತ. ಅಕ್ಕಪಕ್ಕದವರಿಗೆ ಊಟ ಮರೆತೇಹೋಯಿತು. ಪಕ್ಕದ ಎಲೆಯ ಹುಡುಗ, "ಅಣ್ಣ, ಒಂದ್ಸಲ ನೋಡ್ಲಾ?" ಅಂದ. ಅವರು ನಗುತ್ತಾ ಮ್ಯಾಗಜೀನ್ ತೆಗೆದು, "ಖಾಲಿ ಇದೆ, ನೋಡು" ಅಂತ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬ ಗೋಡೆಗೆ ಗುರಿ ಇಟ್ಟ. ಇನ್ನೊಬ್ಬ ಗೆಳೆಯನ ಕಡೆ ತಿರುಗಿಸಿದ. ನಾನು ಎದ್ದು ಹೋಗಿ, "ಸ್ವಲ್ಪ ಮೇಲಿನ ಸ್ಲೈಡ್ ಎಳೀರಿ" ಅಂದೆ. ಎಳೆದರು. ಒಂದು ಗುಂಡು ಟಣ್ ಅಂತ ಹಾರಿ ನೆಲಕ್ಕೆ ಬಿದ್ದು ಊಟದ ಮೇಜಿನ ಕೆಳಗೆ ಉರುಳಿತು.

ಆಮೇಲೆ ಅಲ್ಲಿ ಯಾರೂ ಮಾತಾಡಲಿಲ್ಲ.

ಪಿಸ್ತೂಲಿನ ವಿಷಯ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ಗುಂಡುಗಳು ಇರುವುದು ಹಿಡಿಯೊಳಗಿನ ಮ್ಯಾಗಜೀನಿನಲ್ಲಿ. ಒಮ್ಮೆ ಸ್ಲೈಡ್ ಎಳೆದು ಬಿಟ್ಟರೆ ಅದರಿಂದ ಒಂದು ಗುಂಡು ನಳಿಗೆಯ ಬುಡಕ್ಕೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೂ ಆ ಗುಂಡು ಅಲ್ಲೇ ಇರುತ್ತದೆ. ಮ್ಯಾಗಜೀನ್ ಇಲ್ಲದೆಯೂ ಎಷ್ಟೋ ಪಿಸ್ತೂಲುಗಳು ಆ ಒಂದು ಗುಂಡನ್ನು ಹಾರಿಸುತ್ತವೆ. ಖಾಲಿ ಅಂದುಕೊಂಡ ಪಿಸ್ತೂಲಿನಿಂದ ಜನ ಸಾಯುವುದು ಹೀಗೆಯೇ. ನಮ್ಮ ಒಂಟಿನಳಿಗೆ ಕೋವಿಯಲ್ಲಿ ಈ ತಾಪತ್ರಯ ಇಲ್ಲ. ಮಡಚಿದರೆ ನಳಿಗೆಯ ಈ ಕಡೆಯಿಂದ ಆ ಕಡೆ ಬೆಳಕು ಕಾಣುತ್ತದೆ. ತೋಟಾ ಇದೆಯೋ ಇಲ್ಲವೋ ಮಗುವಿಗೂ ಗೊತ್ತಾಗುತ್ತದೆ.

ಅಲ್ಲಿ ಮುರಿದ ನಿಯಮಗಳನ್ನು ಲೆಕ್ಕ ಹಾಕಿದರೆ ಛತ್ರದ ಬಾಡಿಗೆಗಿಂತ ದೊಡ್ಡದಾಗುತ್ತದೆ. 2016ರ ಆಯುಧ ನಿಯಮಗಳ 32ನೇ ನಿಯಮ ನೋಡಿ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ತೆಗೆದು ಝಳಪಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು. ಮದುವೆ, ಮೆರವಣಿಗೆ ಅಂತ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ದಿನ ಗುಂಡು ಹಾರಲಿಲ್ಲ ನಿಜ. ಹಾರದೇ ಇದ್ದದ್ದು ಯಾರ ಜಾಣತನದಿಂದಲೂ ಅಲ್ಲ.

ಇಷ್ಟಕ್ಕೂ ಈ ಸಣ್ಣ ಪಿಸ್ತೂಲಿನಿಂದ ಮಲೆನಾಡಿನಲ್ಲಿ ಆಗುವ ಉಪಯೋಗವಾದರೂ ಏನು? ನಮ್ಮ ದೇಶದಲ್ಲಿ 9 ಎಂ.ಎಂ. ಪಿಸ್ತೂಲು ಸಾಮಾನ್ಯ ಜನರಿಗೆ ನಿಷೇಧಿತ ಬೋರು (ಬೋರು ಅಂದರೆ ನಳಿಗೆಯ ಒಳಗಿನ ಅಳತೆ). ಲೈಸೆನ್ಸಿನ ಮೇಲೆ ಸಿಗುವುದು .32, .25, .22 ಇಂಥವು. .32 ಪಿಸ್ತೂಲಿನ ಗುಂಡು ಐದು ಗ್ರಾಂ ಕೂಡ ತೂಗುವುದಿಲ್ಲ. ನಳಿಗೆ ಮೂರು ನಾಲ್ಕು ಇಂಚು. ಅಭ್ಯಾಸ ಇಲ್ಲದವನ ಕೈಯಲ್ಲಿ ಹತ್ತು ಹೆಜ್ಜೆ ಆಚೆಗಿನ ತೆಂಗಿನ ಮರಕ್ಕೂ ತಾಗುವುದು ಕಷ್ಟ. ಅದನ್ನು ಹಿಡಿದು ಹಂದಿಯ ಎದುರು ನಿಂತವನು ಹಂದಿಯನ್ನು ಸುಮ್ನೆ ಕೆರಳಿಸುತ್ತಾನೆ ಅಷ್ಟೆ. ಪ್ರಾಣಿಗೆ ಹೊಡೆಯುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ, ಅದು ಬೇರೆ ಮಾತು. ನಾವು ಕೋವಿಯಲ್ಲಿ ಹೆಚ್ಚಾಗಿ ಗಾಳಿಗೆ ಈಡು ಬಿಟ್ಟು ಶಬ್ದ ಮಾಡುತ್ತೇವೆ. ಆ ಶಬ್ದಕ್ಕೆ ಹಂದಿ, ಮಂಗ ಒಂದೆರಡು ದಿನ ದೂರ ಇರುತ್ತವೆ. ಪಿಸ್ತೂಲಿನ ಚಟಾಕಿ ಸದ್ದಿಗೆ ಮಂಗ ತಿರುಗಿಯೂ ನೋಡಲಿಕ್ಕಿಲ್ಲ.

ಮಳೆ ಬೇರೆ ಇದೆ. ಆಗುಂಬೆ ಸುತ್ತಿನ ನಾಲ್ಕು ತಿಂಗಳ ಮಳೆಯಲ್ಲಿ ಬೆವರು, ತೇವ ಸೇರಿ ಸೊಂಟದ ಪಿಸ್ತೂಲಿಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು? ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕುವವರು ಎಷ್ಟು ಜನ ಇದ್ದಾರೋ.

ಕಳ್ಳರಿಗೆ ಬೇಕಲ್ಲ ಅನ್ನುತ್ತಾರೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮದು ಒಂಟಿ ಮನೆಗಳ ಸೀಮೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. 112ಕ್ಕೆ ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಊರುಗಳು ಇನ್ನೂ ಇವೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು, ಅಂಗಳದಲ್ಲಿ ಲಕ್ಷಗಟ್ಟಲೆ ಬೆಲೆಯ ಅಡಿಕೆ. ಭಯ ಇರುತ್ತದೆ. ಆದರೆ ಆ ಭಯಕ್ಕೆ ಪಿಸ್ತೂಲು ಮದ್ದಾಗುತ್ತದೆಯೇ? ಬೀರುವಿನಲ್ಲಿ ಬೀಗ ಹಾಕಿಟ್ಟರೆ ಹೊತ್ತಿಗೆ ಸಿಗುವುದಿಲ್ಲ. ದಿಂಬಿನ ಕೆಳಗೆ ಇಟ್ಟರೆ ರಜೆಗೆ ಬಂದ ಮೊಮ್ಮಗನ ಕೈಗೆ ಮೊದಲು ಸಿಗುತ್ತದೆ.

ಕಾನೂನಿನ ಇನ್ನೊಂದು ಮಗ್ಗುಲನ್ನು ಪಿಸ್ತೂಲು ಕೊಳ್ಳುವವರಿಗೆ ಯಾರೂ ಹೇಳುತ್ತಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಂಗಳಲ್ಲಿದೆ. ಆಸ್ತಿ ಉಳಿಸಿಕೊಳ್ಳಲು ಜೀವ ತೆಗೆಯುವ ಮಟ್ಟಕ್ಕೆ ಹೋಗಬಹುದಾದ ಸಂದರ್ಭಗಳು ಕೆಲವೇ. ದರೋಡೆ, ಕತ್ತಲಾದ ಮೇಲೆ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ತಡೆಯದಿದ್ದರೆ ಸಾವೋ ಭಾರಿ ಪೆಟ್ಟೋ ಆದೀತು ಅನ್ನುವಂಥ ಕಳವು, ಹೀಗೆ. ಅಂಗಳದಲ್ಲಿ ಒಣಗಿದ ಅಡಿಕೆಯ ಚೀಲ ಹೊತ್ತು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಮನೆಯ ಯಜಮಾನನೇ ಕೊಲೆ ಕೇಸಿನಲ್ಲಿ ಒಳಗೆ ಹೋಗಬೇಕಾಗುತ್ತದೆ. ಕಳ್ಳನ ಜೀವವೂ ಹೋಯಿತು, ಅಡಿಕೆಯೂ ವಕೀಲರ ಮನೆಗೆ ಹೋಯಿತು.

ಹೆಂಗಸರ ರಕ್ಷಣೆ ಅಂತಲೂ ಹೇಳುತ್ತಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 'ನಿರ್ಭೀಕ್' ಅಂತ ಹಗುರದ .32 ರಿವಾಲ್ವರ್ ಬಂತು. ತೂಕ ಸುಮಾರು 500 ಗ್ರಾಂ. ಹೆಂಗಸರ ವ್ಯಾನಿಟಿ ಬ್ಯಾಗಿಗೆ ಸರಿಹೊಂದುತ್ತದೆ ಅಂತ ಪ್ರಚಾರ. ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಆಮೇಲೆ ಬಂಗಾಳದ ಇಛಾಪುರದ ಕಾರ್ಖಾನೆಯಿಂದ 'ನಿಡರ್' ಬಂತು. .22 ಬೋರು, ಕಾಲು ಕಿಲೋ ತೂಕ. ಸಂಜೆ ಕೊನೆಯ ಬಸ್ಸಿಗೆ ಕಾದು, ಇಳಿದ ಮೇಲೆ ಎರಡು ಮೈಲಿ ಕಾಡು ದಾರಿ ನಡೆಯುವ ನಮ್ಮೂರಿನ ಕಾಲೇಜು ಹುಡುಗಿಗೆ ಇದು ಸಿಗುತ್ತದೆಯೇ? 21 ವರ್ಷ ತುಂಬದೆ ಲೈಸೆನ್ಸೇ ಇಲ್ಲ. ತುಂಬಿದರೂ ಲಕ್ಷ ರೂಪಾಯಿ ಎಲ್ಲಿಂದ? ಅವಳಿಗೆ ಬೇಕಾದದ್ದು ಇನ್ನೊಂದು ಬಸ್ಸು, ದಾರಿಯಲ್ಲಿ ನಾಲ್ಕು ದೀಪ.

ಸಣ್ಣ ಪಿಸ್ತೂಲಿನ ನಿಜವಾದ ಗುಣ ಒಂದೇ. ಬಚ್ಚಿಡಬಹುದು. ಹೆಗಲ ಮೇಲೆ ಕೋವಿ ಇಟ್ಟುಕೊಂಡು ಬರುವವನನ್ನು ಅರ್ಧ ಫರ್ಲಾಂಗು ದೂರದಿಂದಲೇ ನೋಡಿ, "ಎಲ್ಲಿಗೆ ಹೊರಟ್ರಿ ಭಾವ?" ಅಂತ ಕೇಳಬಹುದು. ಪಿಸ್ತೂಲಿನವನನ್ನು ಹಾಗೆ ಕೇಳಲಾಗುವುದಿಲ್ಲ. ಈ ಗುಣದ ಬೆಲೆ ಏನು ಅಂತ ಕನ್ನಡದವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಮೂಲದ ಮನೆತನದ ಗೌರಿ ಲಂಕೇಶ್ ಅವರನ್ನು ಮನೆ ಮುಂದೆಯೇ ಕೊಂದರು. ಎರಡೂ ಕಡೆ ಬಳಸಿದ್ದು 7.65 ಎಂ.ಎಂ. ನಾಡ ಪಿಸ್ತೂಲು, ಅದೂ ಒಂದೇ ಪಿಸ್ತೂಲು ಅಂತ ತನಿಖೆ ಮಾಡಿದವರು ಹೇಳಿದ್ದಾರೆ. ಅವು ಲೈಸೆನ್ಸಿನ ಆಯುಧಗಳಲ್ಲ, ಗೊತ್ತು. ಲೈಸೆನ್ಸ್ ಪಡೆದ ಯಾರನ್ನೂ ನಾನು ಆ ಸಾಲಿಗೆ ಸೇರಿಸುತ್ತಿಲ್ಲ. ಆದರೆ ಸೊಂಟದಲ್ಲಿ ಪಿಸ್ತೂಲು ಇರುವುದು ಗತ್ತಿನ ಸಂಗತಿ ಅಂತ ಊರಿನ ಹುಡುಗರಿಗೆ ಒಮ್ಮೆ ಅನ್ನಿಸಿತೋ, ಲೈಸೆನ್ಸ್ ಸಿಗದವನು ಅಡ್ಡದಾರಿ ಹುಡುಕುತ್ತಾನೆ. ಛತ್ರದಲ್ಲಿ ಆ ಹುಡುಗರ ಮುಖ ನೋಡಿದವನಾಗಿ ಹೇಳುತ್ತಿದ್ದೇನೆ.

ಚುನಾವಣೆ ಹೊತ್ತಿಗೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾದ ನಮ್ಮ ಪಾಡು ಕೇಳಿ. 2024ರ ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆ ಆಯಿತು. ಶಿವಮೊಗ್ಗದಲ್ಲಿ ಮತದಾನ ಮೇ 7, ಫಲಿತಾಂಶ ಜೂನ್ 4. ಹಿಂದಿನ ವರ್ಷ ವಿಧಾನಸಭೆಗೂ ಇದೇ ಗೋಳು. ಚುನಾವಣಾ ಆಯೋಗ ಹೇಳಿರುವುದು ಪರಿಶೀಲನಾ ಸಮಿತಿ ಕೂತು ಒಬ್ಬೊಬ್ಬರ ವಿಷಯವನ್ನೂ ನೋಡಿ ತೀರ್ಮಾನಿಸಬೇಕು ಅಂತ. ಜಾಮೀನಿನ ಮೇಲೆ ಇರುವವರು, ಹಿಂದೆ ಅಪರಾಧ ಮಾಡಿದವರು, ಗಲಭೆಯಲ್ಲಿ ಸಿಕ್ಕಿಬಿದ್ದವರು, ಇವರ ಮೇಲೆ ಮೊದಲು ಕಣ್ಣಿಡಬೇಕು. ಊರಿನಲ್ಲಿ ಆಗುವುದು ಬೇರೆ. ಬೀಟ್ ಪೊಲೀಸರಿಂದ ಎಲ್ಲರಿಗೂ ಒಂದೇ ಫೋನು, "ಕೋವಿ ತಂದು ಡಿಪಾಜಿಟ್ ಮಾಡಿ."

ಪಕ್ಕದ ತೋಟದ ಹಿರಿಯರೊಬ್ಬರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಜೊತೆಗೆ ನಾನೂ ಹೋಗಿದ್ದೆ. ಠಾಣೆಯಲ್ಲಿ ಅವರು, "ನನ್ನ ಮೇಲೆ ಒಂದು ಕೇಸಾದ್ರೂ ಇದ್ಯಾ ಸಾರ್?" ಅಂತ ಕೇಳಿದರು. "ಯಜಮಾನ್ರೇ, ನಿಮ್ಮ ಮೇಲೆ ಏನೂ ಇಲ್ಲ. ಮೇಲಿಂದ ಆರ್ಡರ್, ನಾವೇನ್ಮಾಡೋಣ?" ಪಾಪ, ಆ ಪೊಲೀಸರದ್ದೂ ತಪ್ಪಿಲ್ಲ. ಹಿಂದಿನ ಕೋಣೆಯಲ್ಲಿ ಕೋವಿಗಳನ್ನು ಸೌದೆಯ ಹಾಗೆ ಒಟ್ಟಿದ್ದರು. ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ, ದಾರ ಕಟ್ಟಿ ಒಂದೊಂದು ಚೀಟಿ. ವಾಪಸ್ ತರುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ಚೀಟಿಯ ಶಾಯಿ ನೀರು ಕುಡಿದು ಹೆಸರು ಓದಲು ಬರುತ್ತಿರಲಿಲ್ಲ. ಅವರ ಕೋವಿಯ ನಳಿಗೆಯೊಳಗೆ ಬಟ್ಟೆ ಹಾಕಿ ಎಳೆದರೆ ಕೆಂಪು ಪುಡಿ ಬಂತು. ಅಷ್ಟು ತಿಂಗಳು ಮಂಗಗಳಿಗೆ ಹಬ್ಬ. ಸಿಂಗಾರ (ಅಡಿಕೆಯ ಹೂಗೊಂಚಲು), ಬಾಳೆ, ಏಲಕ್ಕಿ ಯಾವುದೂ ಉಳಿಯಲಿಲ್ಲ. ಅದೇ ಹೊತ್ತಿನಲ್ಲಿ ಕೆಲವು ಪಿಸ್ತೂಲುಗಳಿಗೆ ಜೀವಭಯದ ಹೆಸರಿನಲ್ಲಿ ವಿನಾಯಿತಿ ಸಿಕ್ಕಿತ್ತು ಅಂತ ಊರೆಲ್ಲ ಮಾತು. ನಿಜವೋ ಸುಳ್ಳೋ, ಕಡತ ನಿಮ್ಮ ಹತ್ತಿರ ಇದೆ.

ಕೊಡಗಿನ ಕೊಡವರಿಗೂ ಅಲ್ಲಿನ ಜಮ್ಮಾ (ಪರಂಪರೆಯ ಹಿಡುವಳಿ) ಜಮೀನಿನವರಿಗೂ ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಕೊಟ್ಟಿದೆ. ಅದು ಅವರ ಚರಿತ್ರೆಗೆ ಸೇರಿದ ವಿಷಯ. ನಮಗೂ ಹಾಗೇ ಕೊಡಿ ಅಂತ ಕೇಳುತ್ತಿಲ್ಲ. ಲೈಸೆನ್ಸ್ ಇರಲಿ, ತಪಾಸಣೆಯೂ ಇರಲಿ.

ನಾನು ಕೇಳುವುದು ಇಷ್ಟು. ಪಿಸ್ತೂಲು, ರಿವಾಲ್ವರ್ ಲೈಸೆನ್ಸ್ ಕೊಡುವಾಗ ಆ "ಸರಿಯಾದ ಕಾರಣ" ಏನು ಅಂತ ಕಡತದಲ್ಲಿ ಬರೆಯಿರಿ. ನಗದು ಸಾಗಿಸುವ ಮಂಡಿ ವ್ಯಾಪಾರಿಗೆ, ನಿಜವಾಗಿ ಬೆದರಿಕೆ ಇರುವವರಿಗೆ ಕೊಡಿ, ಬೇಡ ಅನ್ನುವುದಿಲ್ಲ. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ನವೀಕರಣದ ಹೊತ್ತಿಗಾದರೂ ಆ ಕಾರಣ ಇನ್ನೂ ಉಳಿದಿದೆಯೇ ಅಂತ ಕೇಳಿ. ಒಂದು ಕಾಲದಲ್ಲಿ ನಕ್ಸಲರ ಭಯ ಅಂದರೆ ನಮ್ಮ ಕಡೆ ಯಾರೂ ಮರುಮಾತಾಡುತ್ತಿರಲಿಲ್ಲ. 2024ರ ನವೆಂಬರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡನ ಎನ್‌ಕೌಂಟರ್ ಆಯಿತು. 2025ರ ಜನವರಿಯಲ್ಲಿ ಆರು ಜನ ಮುಖ್ಯಮಂತ್ರಿಗಳ ಎದುರು ಶರಣಾದರು. ಆ ಭಯದ ಹೆಸರಿನಲ್ಲಿ ಕೊಟ್ಟ ಲೈಸೆನ್ಸುಗಳು ಇದ್ದರೆ ಅವನ್ನು ಮತ್ತೆ ನೋಡಬೇಕಲ್ವಾ?

ಪಿಸ್ತೂಲು ಕೇಳಿದವರಿಗೆ ತರಬೇತಿಯ ಸರ್ಟಿಫಿಕೇಟು ನೋಡಿ ಬಿಡಬೇಡಿ. ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ಒಬ್ಬ ಅನುಭವಿ ಹವಾಲ್ದಾರರ ಎದುರು ನಿಲ್ಲಿಸಿ, ಖಾಲಿ ಮಾಡಿ ತೋರಿಸಿ ಅನ್ನಿ. ಸ್ಲೈಡ್ ಎಳೆಯಲು ಮರೆತವರನ್ನು ವಾಪಸ್ ಕಳಿಸಿ. ಮದುವೆ, ಜಾತ್ರೆ, ಗಣಪತಿ ಮೆರವಣಿಗೆಯಲ್ಲಿ ಪಿಸ್ತೂಲು ತೋರಿಸಿದವರ ಲೈಸೆನ್ಸನ್ನು 17ನೇ ಕಲಂ ಪ್ರಕಾರ ಅಮಾನತು ಮಾಡಿ. ಒಂದೆರಡು ಆದರೆ ಸಾಕು, ಸುದ್ದಿ ತಾನಾಗಿ ಹಬ್ಬುತ್ತದೆ.

ಬೆಳೆ ರಕ್ಷಣೆಯ ಅರ್ಜಿಗಳಿಗೆ ಹೋಬಳಿ ಮಟ್ಟದಲ್ಲಿ ವರ್ಷಕ್ಕೊಮ್ಮೆ ಶಿಬಿರ ಮಾಡಿ. ಬಗರ್‌ಹುಕುಂ ಸಾಗುವಳಿದಾರರ ಅರ್ಜಿಯನ್ನು ಪಹಣಿ ಇಲ್ಲ ಅಂತ ಬಾಗಿಲಲ್ಲೇ ವಾಪಸ್ ಕೊಡಬೇಡಿ. ಗ್ರಾಮ ಆಡಳಿತಾಧಿಕಾರಿ ಜಾಗ ನೋಡಿ ಕೊಟ್ಟ ವರದಿ ಸಾಕಲ್ಲ. 2021ರಲ್ಲೇ ಅವಧಿ ಮುಗಿದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ಹೊತ್ತಿಗೆ ಪರಿಶೀಲನಾ ಸಮಿತಿ ಹೆಸರಿಗೆ ಮಾತ್ರ ಇರುವುದು ಬೇಡ. ಕೇಸಿಲ್ಲದ ರೈತರ ಕೋವಿ ಮನೆಯಲ್ಲೇ ಇರಲಿ. ಇಟ್ಟುಕೊಳ್ಳಲೇಬೇಕು ಅಂದರೆ ಒಣ ಜಾಗದಲ್ಲಿ ಇಡಿ, ಕೊಡುವಾಗ ಕೋವಿ ಹೇಗಿತ್ತು ಅಂತ ರಸೀದಿಯಲ್ಲಿ ಬರೆಯಿರಿ.

ಕೊನೆಯದಾಗಿ, ಜಿಲ್ಲೆಯ ಜಾಲತಾಣದಲ್ಲಿ ನಾಲ್ಕು ಅಂಕಿ ಹಾಕಿ. ಪಿಸ್ತೂಲು ಮತ್ತು ರಿವಾಲ್ವರ್ ಲೈಸೆನ್ಸ್ ಎಷ್ಟು, ಬೆಳೆ ರಕ್ಷಣೆಯವು ಎಷ್ಟು, ಕಳೆದ ಐದು ವರ್ಷದಲ್ಲಿ ಎಷ್ಟು ಅರ್ಜಿ ನಿರಾಕರಣೆ ಆದವು, ಎಷ್ಟು ಇನ್ನೂ ಕೊಳೆಯುತ್ತಿವೆ. ಯಾರ ಹೆಸರೂ ಬೇಡ. ಆ ಅಂಕಿ ಹೊರಬಂದರೆ ನನ್ನ ದೂರು ಸರಿಯೋ ತಪ್ಪೋ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಈ ಬಗ್ಗೆ ಮಾತಾಡಲು ತಾಲ್ಲೂಕು ಮಟ್ಟದಲ್ಲಿ ಒಂದು ಸಭೆ ಕರೆದರೆ ನಾವು ಖಂಡಿತ ಬರುತ್ತೇವೆ. ದಯವಿಟ್ಟು ಅಡಿಕೆ ಕೊನೆ (ಗೊನೆ) ಕೊಯ್ಲಿನ ದಿನಗಳನ್ನು ಬಿಟ್ಟು ಕರೆಯಿರಿ, ಆಗ ಯಾರಿಗೂ ಪುರಸೊತ್ತು ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು